ಲಿನಕ್ಸಿನ ಜೊತೆ ಒಂದು ಚಾತುರ್ಮಾಸ್ಯ

ಸುಳ್ಳು ಹೇಳಿದವಳು ನಾನು. ಅದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಬನಶಂಕರಿ ಎರಡನೇ ಹಂತದ ನಮ್ಮ ಮನೆಯಲ್ಲಿ ಇದ್ದವರು ಮೂವರೇ: ಅಪ್ಪ, ಅಪ್ಪನ ಅಮ್ಮ, ಮತ್ತು ಮದುವೆಯ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದ ನಾನು. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅಜ್ಜಿಗೆ ಎಂಬತ್ತೈದು ದಾಟಿತ್ತು. ದೃಷ್ಟಿ ಪೂರ್ತಿ ಹೋಗಿತ್ತು. ಕಿವಿ ಮಾತ್ರ ಎಷ್ಟು ಚುರುಕೆಂದರೆ, ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಪಾಲಿಗೆ ಲೋಕ ಎಂದರೆ ಧ್ವನಿಗಳು, ಅದರಲ್ಲೂ ಮಗನ ಧ್ವನಿ. ದಿನಾ ಸಂಜೆ ಅಪ್ಪ ಅವಳ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಪೇಪರು ಓದಿ ಹೇಳುತ್ತಿದ್ದರು. ಈರುಳ್ಳಿ ಬೆಲೆ ಏರಿದ ಸುದ್ದಿ ಬಂದರೆ ತಾಯಿ ಮಗ ಸೇರಿ ಸರ್ಕಾರವನ್ನು ಬೈಯುತ್ತಿದ್ದರು.

ಆ ವರ್ಷ ಅಪ್ಪನ ಗಂಟಲಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಸ್ಪತ್ರೆಗೆ ಸೇರುವ ದಿನ ಬೆಳಿಗ್ಗೆ ಅಪ್ಪ ಗೇಟಿನ ಹತ್ತಿರ ನಿಂತು, ಆಗಲೇ ಒಡೆದುಹೋಗಿದ್ದ ದನಿಯಲ್ಲಿ, "ಅಮ್ಮಂಗೆ ಹೇಳ್ಬೇಡ ಕಣೇ. ತಡ್ಕೊಳಲ್ಲ ಅವಳು. ಬೇರೆ ಏನಾದ್ರೂ ಹೇಳು, ಇದೊಂದು ಹೇಳ್ಬೇಡ" ಎಂದರು.

ವಯಸ್ಸಾದವರಿಂದ ಕೆಟ್ಟ ಸುದ್ದಿ ಮುಚ್ಚಿಡುವುದು ನಮ್ಮಲ್ಲಿ ಒಂದು ಸಂಪ್ರದಾಯವೇ. ಸತ್ತವರನ್ನು ಕೂಡ ಆರಾರು ತಿಂಗಳು ಬದುಕಿಸಿ ಇಟ್ಟುಕೊಂಡಿರುತ್ತೇವೆ. ಆಗ ಆಷಾಢ. ಪ್ರಥಮ ಏಕಾದಶಿಗೆ ಇನ್ನೆರಡು ದಿನ ಇತ್ತು. ಮಠದವರು, ಮಡಿವಂತರು ಚಾತುರ್ಮಾಸ್ಯ ಹಿಡಿಯುವ ಕಾಲ. ಅಪ್ಪ ಕ್ಷೇತ್ರಕ್ಕೆ ಹೋಗಿದ್ದಾರೆ, ಅಲ್ಲೇ ಸಂಕಲ್ಪ ಮಾಡಿ ಬರುತ್ತಾರೆ, ಈ ಸಲ ನಾಲ್ಕು ತಿಂಗಳು ಮೌನವ್ರತವಂತೆ, ಉತ್ಥಾನ ದ್ವಾದಶಿಯವರೆಗೆ ಒಂದು ಮಾತೂ ಆಡುವುದಿಲ್ಲವಂತೆ ಎಂದು ಅಜ್ಜಿಗೆ ಹೇಳಿಬಿಟ್ಟೆ. ಹೇಳಿ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅಜ್ಜಿ ಕುಣಿಯುವುದೊಂದು ಬಾಕಿ. ಅಪ್ಪ ದೇವರು ದಿಂಡರು ಎಂದರೆ ದೂರ ಇದ್ದವರು. ಜನಿವಾರವನ್ನು ಅಂಗಿಯ ಜೊತೆ ಗೂಟಕ್ಕೆ ನೇತುಹಾಕುವ ಪೈಕಿ. "ಈಗ್ಲಾದ್ರೂ ಬುದ್ಧಿ ಬಂತಲ್ಲೇ ಅವನಿಗೆ" ಎಂದಳು ಅಜ್ಜಿ. ಹಿಂದೆಯೇ, "ಮಗ ಮಾತೇ ಬಿಟ್ಟಿದಾನೆ. ಹೆತ್ತೋಳು ನಾನು ತಿಂದುಂಡ್ಕೊಂಡು ಕೂತ್ಕೊಂಡ್ರೆ ಆಗುತ್ತೇನೆ? ನಾನೂ ಒಪ್ಪತ್ತು ಮಾಡ್ತೀನಿ, ಅವನ ವ್ರತ ಮುಗಿಯೋವರ್ಗೂ" ಎಂದಳು.

ಒಪ್ಪತ್ತು ಎಂದರೆ ದಿನಕ್ಕೆ ಒಂದೇ ಊಟ. ಎಂಬತ್ತೈದು ದಾಟಿದ ಜೀವಕ್ಕೆ, ನಾಲ್ಕು ತಿಂಗಳು. ನಾನು ಬೇಡ ಎಂದೆ, ಗೋಗರೆದೆ, ಬೈದೆ. ಅವಳು ಜಪಸರ ತೆಗೆದುಕೊಂಡು ಗೋಡೆಯ ಕಡೆ ತಿರುಗಿದಳು. ನನ್ನ ಸುಳ್ಳಿಗೆ ಬೆಲೆ ತೆರುವವಳು ಅವಳೇ ಎಂದು ನಾನು ಲೆಕ್ಕ ಹಾಕಿರಲಿಲ್ಲ.

ತಿಂಗಳ ಮೇಲೆ ಅಪ್ಪ ಮನೆಗೆ ಬಂದರು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದರು. ಅವಳು ತಲೆ ಸವರಿ, "ಮಾತಾಡ್ಬೇಡ ಮಗು, ಸಂಕಲ್ಪ ಕೆಡುತ್ತೆ" ಎಂದಳು. ತೂತಿನಿಂದ ಬರುತ್ತಿದ್ದ ಸುಯ್ ಸದ್ದು ಅವಳ ಕಿವಿಗೆ ಬೀಳದೆ ಇರುತ್ತದೆಯೇ? ಅದಕ್ಕೆ ನಾನು ಶೀತ ಎಂದು ಇನ್ನೊಂದು ಸುಳ್ಳು ಪೋಣಿಸಿದೆ. ಅಪ್ಪನ ಹತ್ತಿರ ಬರೆಯಲು ಸ್ಲೇಟು ಇತ್ತು. ನನ್ನನ್ನು ಹಿತ್ತಲಿಗೆ ಕರೆದು "ಮೌನವ್ರತಾನಾ?" ಎಂದು ಬರೆದು ಸದ್ದಿಲ್ಲದೆ ಭುಜ ಕುಲುಕಿಸಿ ನಕ್ಕರು. ಒಪ್ಪತ್ತಿನ ವಿಷಯ ಹೇಳಿದೆ. ನಗು ನಿಂತಿತು. ಸ್ಲೇಟು ಒರೆಸಿ, "ನಿಲ್ಲಿಸು ಅದನ್ನ" ಎಂದು ಬರೆದರು. ಹೇಗೆ ನಿಲ್ಲಿಸುವುದು ಎಂದು ಅವರೂ ಬರೆಯಲಿಲ್ಲ, ನನಗೂ ಹೊಳೆಯಲಿಲ್ಲ. ದ್ವಾದಶಿಯ ದಿನ ಅವಳು ಮಾತಾಡು ಎಂದಾಗ ಏನು ಮಾಡುವುದು ಎನ್ನುವುದಂತೂ ಇಬ್ಬರಿಗೂ ಗೊತ್ತಿರಲಿಲ್ಲ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದಿದೆ, ಆದರೆ ಗಾಯ ಪೂರ್ತಿ ಮಾಗಲಿ, ಆಮೇಲೆ ನೋಡೋಣ ಎಂದಿದ್ದರು ಆಸ್ಪತ್ರೆಯವರು.

ಒಂದು ಮಾತು ಈಗಲೂ ನನ್ನನ್ನು ಕೊರೆಯುತ್ತದೆ. ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಅಜ್ಜಿಯ ದೇವರನಾಮದ ಕ್ಯಾಸೆಟ್ಟುಗಳು ರಾಶಿ ಇದ್ದವು. ಆಪರೇಷನ್ನಿಗೆ ಮೊದಲು ಅಪ್ಪನ ಎರಡು ಮಾತು ಹಿಡಿದಿಡೋಣ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು.

ನಾನು ಪದ್ಮನಾಭನಗರದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರಲ್ಲಿ ಟೀಚರ್ ಆಗಿದ್ದೆ. ಟೈಪ್‌ರೈಟರುಗಳ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ಶುರುವಾಗಿತ್ತು. ಅದನ್ನು ಕಲಿಸುತ್ತಿದ್ದ ಸಹೋದ್ಯೋಗಿ ಗದಗದ ಕಡೆಯವರು, ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದರು. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತು ಅವರಿಗೆ ಎಲ್ಲ ಹೇಳಿಕೊಂಡೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ಟೀಚರ್, ನಾವು ಬರದದ್ದನ್ನ ಓದಿ ಹೇಳೂ ಸಾಫ್ಟ್‌ವೇರ್ ಐತ್ರೀ. ಕಂಪ್ಯೂಟರ್ ನಡಸಾಕ ಲಿನಕ್ಸ್ ಅಂತ ಐತಲ್ರೀ, ಅದರಾಗ ಪುಕ್ಕಟೆ ಸಿಗತೈತಿ. ಕನ್ನಡ ಮಾತ್ರ ಬರಂಗಿಲ್ಲ ಅದಕ್ಕ. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದು ಕೊಟ್ರ ಒಂದೆರಡು ಮಾತು ಆಡೀತು" ಎಂದರು.

ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ. ಮಂಚದ ಕೆಳಗೆ ಸ್ಪೀಕರು ಇಡುವುದು, ಅಪ್ಪ ಪಕ್ಕದಲ್ಲಿ ಕೂರುವುದು, ನಾಲ್ಕು ತಿಂಗಳು ಮಾತಾಡದೆ ದನಿ ಬದಲಾಗಿದೆ ಎನ್ನುವುದು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಅದು ಗಟ್ಟಿ ಉಪಾಯವಾಗಿ ಕಂಡಿತ್ತು. ಇನ್‌ಸ್ಟಿಟ್ಯೂಟಿನವರು ಮೂಲೆಗೆ ಹಾಕಿದ್ದ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಮನೆಗೆ ತಂದೆವು. ಭಾನುವಾರ ಅವರೇ ಬಂದು ಮೂರು ಸೀಡಿ ಒಂದರ ಹಿಂದೊಂದು ಹಾಕಿ ಲಿನಕ್ಸ್ ಕೂರಿಸಿದರು. "ಇನ್ನ ಆ ಸಾಫ್ಟ್‌ವೇರ್ ಒಂದ ಹಾಕ್ಕೋರಿ. ಭಾಳ ಸರಳ ಐತಿ" ಎಂದು ಹೇಳಿ ಹೋದರು. ಅವರು ಸಂಜೆ ಬೇರೆ ಕಡೆಯೂ ಪಾಠ ಹೇಳುತ್ತಿದ್ದರು, ಮತ್ತೆ ಮತ್ತೆ ಕರೆಯಲು ನನಗೂ ಸಂಕೋಚ.

ನಿಮಿಷಕ್ಕೆ ಅರವತ್ತು ಪದ ಹೊಡೆಯುವವಳು ನಾನು. ಕೀಬೋರ್ಡು ನನಗೇನು ಹೊಸದೇ ಎಂಬ ಜಂಬ. ಮೊದಲ ದಿನವೇ ಅದು ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದೆ. ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡಲಿಲ್ಲ. ಮತ್ತೆ ಹೊಡೆದೆ, ಗಟ್ಟಿಯಾಗಿ ಹೊಡೆದೆ, ಏನೂ ಇಲ್ಲ. ಕೀಬೋರ್ಡು ಕೆಟ್ಟಿದೆ ಎಂದುಕೊಂಡು ಮರುದಿನ ಇನ್‌ಸ್ಟಿಟ್ಯೂಟಿನಿಂದ ಇನ್ನೊಂದನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಅದೂ ಹಾಗೆಯೇ. ಪಾಸ್‌ವರ್ಡ್ ಬರೆಯುವಾಗ ಲಿನಕ್ಸ್ ಏನನ್ನೂ ತೋರಿಸುವುದಿಲ್ಲ, ಸುಮ್ಮನೆ ಕೇಳಿಸಿಕೊಳ್ಳುತ್ತದೆ ಎಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದಲ್ಲಿ ಅಜ್ಜಿ ನಾಲ್ಕು ಊಟ ಮಾಡಿದ್ದಳು.

ಆಮೇಲೆ ಶುರುವಾಯಿತು ನಿಜವಾದ ಪಾಡು. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಬೆಳಗಿನ ಬ್ಯಾಚು ಮುಗಿಸಿ, ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹತ್ತಿರ ಒಂದು ಬ್ರೌಸಿಂಗ್ ಸೆಂಟರಿಗೆ ಹೋಗಿ, ಬೇಕಾದ ಫೈಲು ಹುಡುಕಿ, ಫ್ಲಾಪಿಗೆ ಇಳಿಸಿಕೊಂಡು ಮನೆಗೆ ಬರುವುದು. ದೊಡ್ಡ ಫೈಲಾದರೆ ಅವರಿಂದಲೇ ಸೀಡಿ ಮಾಡಿಸಿಕೊಳ್ಳುವುದು. ಮನೆಗೆ ಬಂದು ಹಾಕಿದರೆ, ಇದು ಕೂರಬೇಕಾದರೆ ಮೊದಲು ಇನ್ನೊಂದು ಬೇಕು ಎನ್ನುತ್ತಿತ್ತು. ಸರಿ ಎಂದು ಮರುದಿನ ಆ ಇನ್ನೊಂದನ್ನು ತಂದರೆ, ಅದಕ್ಕೆ ಮತ್ತೊಂದು ಬೇಕು. ಆ ಮತ್ತೊಂದಕ್ಕೆ ಮೊದಲನೆಯದರ ಹೊಸ ಆವೃತ್ತಿ ಬೇಕು. ರೇಷನ್ ಕಾರ್ಡಿಗೆ ಗ್ಯಾಸ್ ಪುಸ್ತಕ ತನ್ನಿ, ಗ್ಯಾಸಿಗೆ ರೇಷನ್ ಕಾರ್ಡು ತನ್ನಿ ಎನ್ನುವ ಕಚೇರಿಯ ಗುಮಾಸ್ತನಾದರೂ ಮನುಷ್ಯ, ಅವನ ಹತ್ತಿರ ಜಗಳವಾಡಬಹುದು. ಇದರ ಹತ್ತಿರ ಅದೂ ಇಲ್ಲ. ಒಂದು ಫ್ಲಾಪಿ ಮನೆಗೆ ಬರುವಷ್ಟರಲ್ಲಿ ಓದಲಿಕ್ಕೇ ಆಗದಂತೆ ಕೆಟ್ಟುಹೋಗಿತ್ತು. ಇನ್ನೊಂದು ದಿನ ದೊಡ್ಡಕ್ಷರದ ಜಾಗದಲ್ಲಿ ಸಣ್ಣಕ್ಷರ ಹೊಡೆದು ಇಡೀ ಮಧ್ಯಾಹ್ನ ಕಳೆದೆ. ನನ್ನ ವಿದ್ಯಾರ್ಥಿ ಅದೇ ತಪ್ಪು ಮಾಡಿದ್ದರೆ ಸ್ಕೇಲಿನಿಂದ ಬೆರಳಿಗೆ ಕೊಡುತ್ತಿದ್ದೆ.

ಕಷ್ಟ ಬಂದರೆ ಪ್ರಪಂಚದ ಲಿನಕ್ಸ್ ಬಲ್ಲವರೆಲ್ಲ ಸೇರುವ ಒಂದು ಮೇಲ್ ಗುಂಪಿದೆ, ಅಲ್ಲಿ ಕೇಳಿ ಎಂದಿದ್ದರು ಸಹೋದ್ಯೋಗಿ. ನಾನು 'ರೆಸ್ಪೆಕ್ಟೆಡ್ ಸರ್ಸ್' ಎಂದು ಆರಂಭಿಸಿ, ನಾನು ಕಲಿಸುವ ಮಾದರಿ ಪತ್ರದಂತೆಯೇ ವಿಷಯ, ಉಲ್ಲೇಖ ಎಲ್ಲ ಹಾಕಿ, ನನ್ನ ತಂದೆಗೆ ದನಿ ಇಲ್ಲ, ಅಜ್ಜಿಗೆ ಕಣ್ಣಿಲ್ಲ ಎಂದೂ ಬರೆದು, 'ಯುವರ್ಸ್ ಫೇತ್‌ಫುಲಿ' ಎಂದು ಮುಗಿಸಿದೆ. ಮರುದಿನ ನಾಲ್ಕೇ ಇಂಗ್ಲಿಷ್ ಅಕ್ಷರದ ಉತ್ತರ ಬಂದಿತ್ತು: ಆರ್‌ಟಿಎಫ್‌ಎಂ. ಅದರ ಅರ್ಥವನ್ನು ಸಹೋದ್ಯೋಗಿಯನ್ನು ಕೇಳಿದೆ. ಅವರ ಮುಖ ಕೆಂಪಗಾಯಿತು. "ಮೊದಲ ಪುಸ್ತಕ ಓದ್ರಿ ಅಂತಾರ್ರೀ" ಎಂದರು. ಅದರೊಳಗೆ ಅವರು ಹೇಳದೆ ಬಿಟ್ಟ ಹೊಲಸು ಪದ ಯಾವುದೆಂದು ನನಗೆ ಬಹಳ ವರ್ಷದ ಮೇಲೆ ತಿಳಿಯಿತು. ಅವತ್ತು ಬಸ್‌ಸ್ಟಾಪಿನಲ್ಲಿ ನಿಂತು ಅತ್ತೆ. ಬೈಸಿಕೊಂಡಿದ್ದಕ್ಕಲ್ಲ. ನನ್ನ ಮನೆಯ ಸಂಕಟವನ್ನೆಲ್ಲ ಗೊತ್ತಿಲ್ಲದವರ ಮುಂದೆ ಹರಡಿ ಬಂದೆನಲ್ಲ ಎಂದು.

ಅಷ್ಟರಲ್ಲಿ ಗಣಪತಿ ಬಂದು ಹೋಯಿತು, ನವರಾತ್ರಿ ಮುಗಿಯಿತು. ಅಜ್ಜಿಯ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಿದ್ದವಳು ಈಗ ನನ್ನನ್ನು ಹಿಡಿಯುತ್ತಿದ್ದಳು. ಸಂಜೆ ಅಪ್ಪ ಎಂದಿನಂತೆ ಕುರ್ಚಿ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದರು. ಅವಳೇ ಮಾತಾಡುತ್ತಿದ್ದಳು, ಇನ್ನು ಇಷ್ಟು ದಿನ, ಇನ್ನು ಇಷ್ಟು ದಿನ ಎಂದು. ಹಾಲಾದರೂ ಕುಡಿ ಎಂದು ನಾನು ಲೋಟ ತಂದರೆ ಕೈಯಿಂದ ತಳ್ಳುತ್ತಿದ್ದಳು. ಅಪ್ಪ ಆ ಲೋಟವನ್ನೇ ನೋಡುತ್ತಿದ್ದರು. ಒಂದು ದಿನ ಸ್ಲೇಟಿನಲ್ಲಿ, "ಹೇಳಿಬಿಡೋಣ" ಎಂದು ಬರೆದರು. ನಾನು ಆ ಸ್ಲೇಟನ್ನು ಕಸಿದು ಒರೆಸಿದೆ. "ಇನ್ನೆರಡೇ ಫೈಲು ಅಪ್ಪಾ. ಆಗ್ಹೋಗುತ್ತೆ" ಎಂದೆ. ಅವರು ಜೀವನವಿಡೀ ಯಂತ್ರಗಳ ಜೊತೆ ಇದ್ದವರು, ಆಗುವ ಕೆಲಸ ಆಗದ ಕೆಲಸ ಅವರಿಗೆ ಗೊತ್ತಾಗುತ್ತಿತ್ತು. ಆದರೂ ನನ್ನ ಮುಖ ನೋಡಿ ಬಳಪ ಕೆಳಗಿಟ್ಟರು. ಅವತ್ತು ಅವರ ಮಾತು ಕೇಳಿದ್ದರೆ ಅಜ್ಜಿಗೆ ಸುಮಾರು ಒಂದು ತಿಂಗಳ ಉಪವಾಸ ತಪ್ಪುತ್ತಿತ್ತು.

ದೀಪಾವಳಿಗೆ ಸಹೋದ್ಯೋಗಿ ಊರಿಗೆ ಹೋದರು. ತಂಗಿಯ ನಿಶ್ಚಯವಿತ್ತು, ಎರಡು ವಾರ ರಜೆ. ದ್ವಾದಶಿಗೆ ಮೂರು ದಿನ ಉಳಿದಾಗ ನಾನು ಹತಾಶಳಾಗಿ ಅವರು ಬಿಟ್ಟುಹೋಗಿದ್ದ ಮೂರು ಸೀಡಿಗಳನ್ನು ಸುಮ್ಮನೆ ಒಂದೊಂದಾಗಿ ತೆರೆದು ನೋಡುತ್ತ ಕೂತೆ. ಎರಡನೆಯ ಸೀಡಿಯಲ್ಲಿ ಎಲ್ಲವೂ ಇತ್ತು. ನಾನು ಬಿಸಿಲಲ್ಲಿ ಜಯನಗರಕ್ಕೆ ಅಲೆದಲೆದು ತಂದ ಫೈಲುಗಳೆಲ್ಲ, ಒಂದಕ್ಕೊಂದು ಹೊಂದುವ ಆವೃತ್ತಿಯಲ್ಲೇ, ಸಾಲಾಗಿ ಇದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಸಂತೋಷವಾಗಬೇಕಿತ್ತು. ಆ ಸೀಡಿಯನ್ನು ಎತ್ತಿ ಗೋಡೆಗೆ ಬಡಿಯಬೇಕು ಎನಿಸಿತು.

ಸಾಫ್ಟ್‌ವೇರ್ ಕೂತಿತು. ಯಾವ ದೂರೂ ಇಲ್ಲ. ಏನು ಹೇಳಿಸಲಿ ಎಂದು ಅಪ್ಪನನ್ನು ಕೇಳಿದೆ. ಅವರು ಬಹಳ ಹೊತ್ತು ಬಳಪ ಹಿಡಿದು ಕೂತು ಬರೆದರು: "ಅಮ್ಮ, ಇನ್ನು ಎರಡು ಹೊತ್ತೂ ಊಟ ಮಾಡು." ನಾನು ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದೆ. ಕರ್ಸರು ಮುಂದಿನ ಸಾಲಿಗೆ ಹೋಯಿತು. ದನಿ ಬರಲಿಲ್ಲ. ಸ್ಪೀಕರಿನ ಕೆಂಪು ದೀಪ ಉರಿಯುತ್ತಿತ್ತು. ತಂತಿ ಕಿತ್ತು ಸಿಕ್ಕಿಸಿದೆ, ಎಲ್ಲವನ್ನೂ ತೆಗೆದು ಮತ್ತೆ ಹಾಕಿದೆ. ಎರಡು ದಿನ ಕೆಲಸಕ್ಕೆ ಹೋಗದೆ ಅದರ ಮುಂದೆ ಕೂತೆ. ತಪ್ಪು ಇದ್ದರೆ ತಪ್ಪು ಎಂದಾದರೂ ಹೇಳಬೇಕಲ್ಲ, ಅದೂ ಇಲ್ಲ.

ದ್ವಾದಶಿ ಬಂತು. ತುಳಸಿಯ ಪಕ್ಕ ನೆಲ್ಲಿಯ ಕೊಂಬೆ ನೆಟ್ಟು, ದೀಪ ಹಚ್ಚಿ, ಪೂಜೆ ಮುಗಿಸಿದೆವು. ಅಜ್ಜಿ ರೇಷ್ಮೆ ಸೀರೆ ಉಡಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಸೀರೆಯೊಳಗೆ ಅವಳು ಇದ್ದಾಳೋ ಇಲ್ಲವೋ ಎನ್ನುವ ಹಾಗಿತ್ತು. ಅಪ್ಪ ಅವಳ ಪಕ್ಕ ಕೂತರು. ಮಂಚದ ಕೆಳಗೆ ಸ್ಪೀಕರು ಇತ್ತು. ಬಾಗಿಲ ಆಚೆ ಕಂಪ್ಯೂಟರಿನ ಮುಂದೆ ನಾನು.

"ಮುಗೀತಲ್ಲೋ ಮಗು" ಎಂದಳು ಅಜ್ಜಿ. "ಇನ್ನ್ ಮಾತಾಡೋ. ಅಮ್ಮಾ ಅನ್ನು. ಒಂದ್ಸಲ ಅನ್ನು, ಸಾಕು."

ನಾನು ಎಂಟರ್ ಒತ್ತಿದೆ. ದೇವರೇ ಎಂದು ಇನ್ನೊಮ್ಮೆ ಒತ್ತಿದೆ. ಮತ್ತೊಮ್ಮೆ.

"ಯಾಕೋ? ನನ್ ಮೇಲೆ ಕೋಪಾನೇನೋ?" ಎಂದಳು.

ಅಪ್ಪ ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿ, ಸಾಕು ಎನ್ನುವಂತೆ ತಲೆ ಆಡಿಸಿದರು. ಕತ್ತಿನ ಬಟ್ಟೆ ತೆಗೆದರು. ಅಜ್ಜಿಯ ಬಲಗೈಯನ್ನು ಹಿಡಿದು ತಮ್ಮ ಗಂಟಲಿನ ಮೇಲೆ ಇಟ್ಟುಕೊಂಡರು. ಅವಳ ಬೆರಳುಗಳು ಮೊದಲು ಗಾಬರಿಯಿಂದ ಹಿಂದೆ ಸರಿದವು, ಆಮೇಲೆ ನಿಧಾನವಾಗಿ ಆ ತೂತಿನ ಅಂಚನ್ನು ಸುತ್ತಲೂ ಮುಟ್ಟಿ ನೋಡಿದವು. ಅಪ್ಪ ಉಸಿರು ಬಿಟ್ಟರು. ಅದು ಅವಳ ಬೆರಳಿಗೆ ತಾಗಿತು.

"ಯಾವಾಗ ಆಯ್ತೇ ಇದು?" ಎಂದಳು, ನಾನಿದ್ದ ಕಡೆಗೆ ಮುಖ ಮಾಡಿ.

"ಆಷಾಢದಲ್ಲಿ, ಅಜ್ಜಿ."

"ಮತ್ತೆ ವ್ರತ?"

"ವ್ರತ ಇರ್ಲಿಲ್ಲ ಅಜ್ಜಿ. ನಾನೇ ಹೇಳಿದ್ದು."

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಅಪ್ಪನ ಕತ್ತಿನಿಂದ ಕೈ ತೆಗೆಯದೆ ಹಾಗೇ ಕೂತಿದ್ದಳು. ಆ ಸಂಜೆ ಅಪ್ಪ ಅನ್ನ ಕಲಸಿ ತುತ್ತು ಮಾಡಿ ಅವಳ ಬಾಯಿಗೆ ಇಟ್ಟರು. ನಾಲ್ಕು ತುತ್ತು ತಿಂದಳು.

ಎರಡು ದಿನದ ಮೇಲೆ ಸಹೋದ್ಯೋಗಿ ಊರಿನಿಂದ ಬಂದವರು, ಉಂಡೆಯ ಡಬ್ಬಿ ಹಿಡಿದು ನೇರ ನಮ್ಮ ಮನೆಗೇ ಬಂದರು. ಕಂಪ್ಯೂಟರ್ ನೋಡಿದರು. ಯಾವುದೋ ಒಂದು ಪರದೆ ತೆರೆದು, ಒಂದೇ ಒಂದು ಕೀ ಒತ್ತಿದರು. "ನೀವು ಮಾಡಿದ್ದೆಲ್ಲಾ ಬರೋಬ್ಬರಿ ಐತ್ರೀ ಟೀಚರ್. ಹೊಸದಾಗಿ ಹಾಕಿದಾಗ ಲಿನಕ್ಸಿನಾಗ ದನಿ ಬಂದ್ ಇರತೈತಿ. ಅದನ್ನ ನಾವ ತಗೀಬೇಕ್ರಿ. ನಾ ಹೇಳೂದ ಮರತೆ, ನನ್ನ ತಪ್ಪು" ಎಂದರು. ನಾನು ಬರೆದಿಟ್ಟಿದ್ದ ಸಾಲಿನ ಮೇಲೆ ಎಂಟರ್ ಒತ್ತಿದರು. ಯಾವನೋ ಪರದೇಶದ ಗಂಡಸು ಮೂಗಿನಲ್ಲಿ ಏನನ್ನೋ ಗೊಣಗಿದ. ಅದರಲ್ಲಿ ಅಮ್ಮ ಇರಲಿಲ್ಲ, ಊಟ ಇರಲಿಲ್ಲ, ಕನ್ನಡವೇ ಇರಲಿಲ್ಲ. ಇಂಥ ದನಿಯನ್ನು ಮಗನದು ಎಂದು ಅಜ್ಜಿಗೆ ನಂಬಿಸಲು ನಾನು ನಾಲ್ಕು ತಿಂಗಳು ಅವಳನ್ನು ಹಸಿವಿನಲ್ಲಿ ಇಟ್ಟಿದ್ದೆ.

"ಯಾರೇ ಅದು ಬಂದಿರೋದು?" ಎಂದು ಒಳಗಿನಿಂದ ಅಜ್ಜಿ ಕೇಳಿದಳು.

ಅವರನ್ನು ಕಳಿಸಿ ಒಳಗೆ ಹೋದೆ. ಅಪ್ಪ ಎಂದಿನ ಕುರ್ಚಿಯಲ್ಲಿದ್ದರು. ನಾನು ನೆಲದ ಮೇಲೆ ಕೂತು, ಈ ಸಲ ಏನನ್ನೂ ಮುಚ್ಚದೆ ಕಂಪ್ಯೂಟರಿನ ವಿಷಯವನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಅಷ್ಟಕ್ಕೇ ಮುಗಿಯುತ್ತದೆ, ಅಜ್ಜಿ ಕ್ಷಮಿಸುತ್ತಾಳೆ ಎಂದುಕೊಂಡಿದ್ದೆ.

"ಒಪ್ಪತ್ತು ಮಾಡಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೇ" ಎಂದಳು. "ಜಪ ಮಾಡ್ತಾ ನಾಲ್ಕು ತಿಂಗಳು ನಾನು ದೇವರ ಹತ್ರ ಏನ್ ಕೇಳ್ಕೊಂಡೆ ಗೊತ್ತೇನೆ? ಇವನ ವ್ರತ ಕೆಡ್ದೆ ಇರ್ಲಪ್ಪಾ, ಮರೆತು ಕೂಡ ಇವನ ಬಾಯಿಂದ ಒಂದ್ ಮಾತೂ ಬರ್ದೆ ಇರ್ಲಪ್ಪಾ ಅಂತ. ದಿನಾ ಅದನ್ನೇ ಬೇಡ್ಕೊಂಡೆನಲ್ಲೇ, ಹೆತ್ತೋಳು ನಾನು."

ಅಪ್ಪ ಪಕ್ಕದಲ್ಲೇ ಕೂತಿದ್ದರು. ಅವರಿಗೂ ಅದು ಕೇಳಿಸಿತು.